ಹದಿಹರೆಯದ ಗಾಯ ಕಥೆಯಾಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಮೂರು, ಹದಿನಾಲ್ಕರಲ್ಲಿ ನಡೆದ ಯಾವುದೋ ಒಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ, ಅದನ್ನು ಕಥೆ ಮಾಡಬೇಕು ಅಂತ ಹೊರಟವರು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ನಾನೇ ನನ್ನನ್ನು ಕೇಳಿಕೊಂಡಿದ್ದೇನೆ. ಉದಾಹರಣೆಗೆ ಬೇರೆಯವರ ಬದುಕನ್ನು ಎಳೆದು ತರುವುದು ಬೇಡ ಅಂತ ನನ್ನದನ್ನೇ ಇಟ್ಟುಕೊಂಡಿದ್ದೇನೆ.

ಅದು ಇಷ್ಟು. ನನಗಾಗ 14 ವರ್ಷ. ಕ್ಲಾಸಿನಲ್ಲಿ ಒಬ್ಬ ಹುಡುಗ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಏನೋ ಬರೆಯುತ್ತಿದ್ದ. ಒಂದು ದಿನ ಅವನು ಹೊರಗೆ ಹೋದಾಗ ಅದನ್ನು ತೆಗೆದು ಜೋರಾಗಿ ಓದಿದ್ದು ನಾನು. ಮನೆ ಬಿಟ್ಟು ಹೋಗಿದ್ದ ಅಣ್ಣನಿಗೆ ಅವನು ಬರೆದ, ಎಲ್ಲಿಗೂ ಕಳಿಸದ ಪತ್ರಗಳು. ಎಲ್ಲರೂ ನಕ್ಕರು. ತಲೆ ಎತ್ತಿದರೆ ಅವನು ಬಾಗಿಲಲ್ಲಿ ನಿಂತಿದ್ದ. ಎರಡು ವಾರಕ್ಕೆ ಶಾಲೆ ಬಿಟ್ಟು ಹೋದ.

ಇದನ್ನು ಕಥೆ ಅಂತ ಯಾಕೆ ಬರೆಯಬೇಕು? ನಡೆದ ಹಾಗೇ ಬರೆದರೆ ಸಾಲದೇ?

ನಡೆದದ್ದು ನಿಮಗೆ ಪೂರ್ತಿ ಗೊತ್ತಿದ್ದರೆ ಸಾಲುತ್ತದೆ. ಆದರೆ ಆ ವಯಸ್ಸಿನಲ್ಲಿ ನಮಗೆ ಗೊತ್ತಿದ್ದದ್ದು ನಮ್ಮ ಬೆಂಚಿನಿಂದ ಕಂಡಷ್ಟೇ. ಕಥೆಯಲ್ಲಾದರೆ ಪಕ್ಕದ ಬೆಂಚಿಗೂ ಹೋಗಿ ಕೂರಬಹುದು. ಬಾಗಿಲಲ್ಲಿ ನಿಂತವನ ಕಡೆಯಿಂದಲೂ ನೋಡಬಹುದು.

ಎರಡೂ ಬೆರೆತ ಬರಹಕ್ಕೆ ಒಂದು ಹೆಸರೂ ಇದೆ. 1977ರಲ್ಲಿ ಫ್ರೆಂಚ್ ಲೇಖಕ ಸೆರ್ಜ್ ದುಬ್ರೋವ್ಸ್ಕಿ ತನ್ನ ಕಾದಂಬರಿಯೊಂದನ್ನು 'ಆಟೋಫಿಕ್ಷನ್' ಅಂತ ಕರೆದ. ಹೆಸರು ಆಗ ಹುಟ್ಟಿತು, ಕೆಲಸ ಅದಕ್ಕಿಂತ ಬಹಳ ಹಳೆಯದು. ಯಾವುದನ್ನೇ ಬರೆಯಿರಿ, ಓದುಗರ ಜೊತೆ ಯಾವ ಒಪ್ಪಂದ ಅಂತ ಮೊದಲೇ ತೀರ್ಮಾನಿಸಿ. ಆತ್ಮಕಥನ ಅಂದರೆ ಅವರು ಪ್ರತಿ ಸಾಲನ್ನೂ ನಡೆದದ್ದು ಅಂತ ನಂಬುತ್ತಾರೆ. ಕಥೆ ಅಂದರೆ ಬದಲಾಯಿಸುವ ಹಕ್ಕು ನಿಮಗೆ ಸಿಗುತ್ತದೆ, 'ಆದರೆ ಇದು ನಿಜವಾಗಿ ನಡೆದಿತ್ತು' ಅಂತ ವಾದಿಸುವ ಹಕ್ಕು ಹೋಗುತ್ತದೆ. ಸಪ್ಪೆ ದೃಶ್ಯ ನಿಜವಾಗಿದ್ದರೂ ಸಪ್ಪೆಯೇ.

ಗಾಯ ಇನ್ನೂ ಹಸಿ ಇದೆ. ಈಗಲೇ ಬರೆಯಬಹುದಾ?

ಬರೆಯಬಹುದು. ಕಥೆ ಅಂತ ಬರೆಯಬೇಡಿ, ಅಷ್ಟೇ.

1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ದಿನಕ್ಕೆ 15 ನಿಮಿಷ, ನಾಲ್ಕು ದಿನ ಬರೆಯುವುದು. ತಮಗಾದ ಆಘಾತದ ಬಗ್ಗೆ, ಏನು ನಡೆಯಿತು ಮತ್ತು ಏನನ್ನಿಸಿತು ಎರಡನ್ನೂ ಬರೆದವರಿಗೆ ಬರೆದ ಕೂಡಲೇ ಬೇಜಾರು ಜಾಸ್ತಿಯಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಯಿಲೆ ಅಂತ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆಮೇಲೆ ಇಂಥ ಅಧ್ಯಯನಗಳು ಬಹಳ ನಡೆದವು. ಒಟ್ಟಾರೆ ನೋಡಿದರೆ ಪ್ರಯೋಜನ ಇದೆ, ಆದರೆ ಸಣ್ಣದು.

ನನಗೆ ಇಷ್ಟವಾದ ವಿಷಯ ಮುಂದಿನದು. ಬರೆದದ್ದರಲ್ಲಿದ್ದ ಪದಗಳನ್ನು ಎಣಿಸಿ ನೋಡಿದಾಗ, ದಿನ ಕಳೆದ ಹಾಗೆ 'ಯಾಕೆಂದರೆ', 'ಈಗ ಅರ್ಥವಾಯಿತು' ಅನ್ನುವಂಥ ಮಾತು ಯಾರ ಬರಹದಲ್ಲಿ ಹೆಚ್ಚಾಯಿತೋ ಅವರಿಗೇ ಅನುಕೂಲ ಹೆಚ್ಚು ಆಗಿತ್ತಂತೆ. ಮೊದಲ ದಿನ ಬರೀ ಬೆಂಕಿ, ನಾಲ್ಕನೇ ದಿನ ಒಂದು ಎಳೆ. ಆ ಎಳೆ ಕಾಣಿಸುವವರೆಗೆ ಅದು ನೋಟ್‌ಬುಕ್ಕಿನಲ್ಲೇ ಇರಲಿ.

ನಾನು ಮಾಡುವ ಪರೀಕ್ಷೆ ಒಂದಿದೆ. ಅದೇ ಘಟನೆಯನ್ನು ಎದುರಿನವರ ಕಡೆಯಿಂದ ಐದು ಸಾಲು ಬರೆಯಲು ನೋಡಿ. ಅವರು ಸರಿ ಅಂತ ಒಪ್ಪಬೇಕಿಲ್ಲ. ಅವರಿಗೆ ಆ ಹೊತ್ತಿನಲ್ಲಿ ಏನು ಕಾಣುತ್ತಿತ್ತು ಅಂತಷ್ಟೇ. ಪೆನ್ನು ಓಡದಿದ್ದರೆ ಇನ್ನೂ ಹೊತ್ತಿದೆ ಅಂತ ತಿಳಿಯಿರಿ.

ಬರೆಯುತ್ತಾ ಕೂತರೆ ನಿದ್ದೆಯೇ ಬರುತ್ತಿಲ್ಲ, ಆ ದಿನ ಮತ್ತೆ ಮತ್ತೆ ಕಣ್ಣೆದುರೇ ನಡೆಯುತ್ತಿದೆ, ಬದುಕುವುದೇ ಬೇಡ ಅನ್ನಿಸುತ್ತಿದೆ ಅಂದರೆ ಪೆನ್ನು ಕೆಳಗಿಡಿ. ನಂಬುವವರೊಬ್ಬರಿಗೆ ಇವತ್ತೇ ಹೇಳಿ, ಡಾಕ್ಟರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಕಥೆ ಎಲ್ಲೂ ಓಡಿ ಹೋಗುವುದಿಲ್ಲ.

ನನಗೆ ಸರಿಯಾಗಿ ನೆನಪೇ ಇಲ್ಲ. ನೆನಪಿರುವುದೂ ನಿಜವಾ ಅಂತ ಅನುಮಾನ.

ಒಳ್ಳೆಯದು. ಅನುಮಾನ ಇಲ್ಲದವರ ಕಥೆಗೇ ನಾನು ಹೆದರುವುದು.

1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಮರುದಿನವೇ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ ಬರೆಸಿಕೊಂಡ. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. ಕಾಲುಭಾಗದಷ್ಟು ಜನರ ಉತ್ತರದಲ್ಲಿ ಮುಖ್ಯವಾದ ಯಾವ ಅಂಶವೂ ಸರಿಯಿರಲಿಲ್ಲ. ಹಾಗಂತ ಅವರಿಗೆ ಅನುಮಾನವೂ ಇರಲಿಲ್ಲ. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ತಿರುಗಿ ಬರಲಿಲ್ಲ.

ಇದರಿಂದ ಕಥೆಗಾರರಿಗೆ ನಷ್ಟವೇನಿಲ್ಲ. ನಿಮ್ಮ ತಲೆ ಏನನ್ನು ಬದಲಾಯಿಸಿದೆ ಅನ್ನುವುದೇ ಸಾಮಗ್ರಿ. ನನ್ನ ನೆನಪಿನಲ್ಲಿ ಆ ದಿನ ಮಳೆ ಬರುತ್ತಿತ್ತು. ಯೋಚಿಸಿ ನೋಡಿದರೆ ಅದು ಬೇಸಿಗೆ ರಜೆಗೆ ಸ್ವಲ್ಪ ಮುಂಚೆ. ಮಳೆಯನ್ನು ನಾನೇ ಸುರಿಸಿಕೊಂಡಿದ್ದೆ. ಕಥೆಯಲ್ಲಿ ಬಿಸಿಲು ಹಾಕಿದೆ, ಕಿಟಕಿಯಿಂದ ಬಿದ್ದ ಬಿಸಿಲು ಆ ನೋಟ್‌ಬುಕ್ಕಿನ ಮೇಲೆ. ದೃಶ್ಯ ಒಮ್ಮೆಗೇ ಕ್ರೂರವಾಯಿತು.

ತಪ್ಪಿತಸ್ಥ ಭಾವನೆಯನ್ನು ತೋರಿಸುವುದು ಹೇಗೆ? ಬರೆದರೆ ಬರೀ ಗೋಳು ಅನ್ನಿಸುತ್ತದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇದೆಯಲ್ಲ, ಪಾಠ ಪೂರ್ತಿ ಅದರಲ್ಲಿದೆ. ಆ ಗಾದೆಯಲ್ಲಿ ಕಳ್ಳನ ಮನಸ್ಸಿನ ಮಾತೇ ಇಲ್ಲ. ಅವನಿಗೆ ಒಳಗೊಳಗೇ ಸಂಕಟವಾಯಿತು ಅಂತ ಯಾರೂ ಹೇಳುವುದಿಲ್ಲ. ಒಂದು ಕೈ, ಒಂದು ಹೆಗಲು. ಅವನನ್ನು ಯಾರೂ ಕೇಳಿರಲೇ ಇಲ್ಲ, ಆದರೂ ಉತ್ತರ ಕೊಟ್ಟ.

ನನ್ನ ಮೊದಲ ಕರಡಿನಲ್ಲಿ 'ಪಾಪಪ್ರಜ್ಞೆ ನನ್ನನ್ನು ಸುಡುತ್ತಿತ್ತು' ಅನ್ನುವ ಅರ್ಥದ ಸಾಲು ಒಂಬತ್ತು ಸಲ ಇತ್ತು. ಎಣಿಸಿದ್ದೇನೆ. ಆಗ ನಿಜವಾಗಿ ನಾನು ಮಾಡಿದ್ದೇನು ಅಂತ ನೆನಪು ಮಾಡಿಕೊಂಡೆ. ಮುಂದಿನ ಇಡೀ ವರ್ಷ ನನ್ನ ಯಾವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೂ ನಾನು ಬರೆಯಲಿಲ್ಲ. ಕೊನೆಯ ಹತ್ತು ಹಾಳೆ ಖಾಲಿ ಬಿಟ್ಟು ಹೊಸ ನೋಟ್‌ಬುಕ್ ಕೇಳುತ್ತಿದ್ದೆ. 'ಇಷ್ಟು ಹಾಳೆ ಇದೆಯಲ್ಲೋ, ಯಾಕೆ ದಂಡ ಮಾಡ್ತೀಯ?' ಅಂತ ಅಮ್ಮ ಬೈದರೆ 'ಸುಮ್ನೆ' ಅನ್ನುತ್ತಿದ್ದೆ. ಒಂಬತ್ತು ಸಾಲೂ ಹೋದವು. ಖಾಲಿ ಹಾಳೆಗಳು ಉಳಿದವು.

ಇನ್ನೊಂದು ವಿಚಾರ. ನಿಮ್ಮ ಪಾತ್ರಕ್ಕೆ ಇರುವುದು ತಪ್ಪಿತಸ್ಥ ಭಾವನೆಯಾ, ನಾಚಿಕೆಯಾ? ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲೇ ಇವೆರಡನ್ನು ಬೇರೆ ಮಾಡಿ ತೋರಿಸಿದ್ದರು. 'ಹಾಗೆ ಮಾಡಬಾರದಿತ್ತು' ಅನ್ನುವುದು ಒಂದು. ಅಲ್ಲಿ ಕಣ್ಣಿರುವುದು ಮಾಡಿದ ಕೆಲಸದ ಮೇಲೆ. 'ನಾನೇ ಇಂಥವನು' ಅನ್ನುವುದು ಇನ್ನೊಂದು. ಅಲ್ಲಿ ಇಡೀ ಮನುಷ್ಯನೇ ಕೆಟ್ಟವನಾಗುತ್ತಾನೆ. ಕಥೆಗೆ ಈ ವ್ಯತ್ಯಾಸ ತುಂಬಾ ಬೇಕು, ಯಾಕೆಂದರೆ ಎರಡೂ ಪಾತ್ರವನ್ನು ಬೇರೆ ಬೇರೆ ದಿಕ್ಕಿಗೆ ಓಡಿಸುತ್ತವೆ. ತಪ್ಪು ಮಾಡಿದೆ ಅನ್ನಿಸಿದ ಹುಡುಗಿ ಗೆಳತಿಯ ಮನೆ ಮುಂದೆ ನಾಲ್ಕು ಸಲ ಸೈಕಲ್ ಹೊಡೆಯುತ್ತಾಳೆ, ಏನಾದರೂ ಸರಿ ಮಾಡಲು ಸಾಧ್ಯವಾ ಅಂತ. ನಾಚಿಕೆ ಹಿಡಿದವಳು ಆ ಬೀದಿಗೇ ಹೋಗುವುದಿಲ್ಲ. ಹದಿಹರೆಯದಲ್ಲಿ ಎರಡೂ ಕಲಸಿಕೊಂಡೇ ಇರುತ್ತವೆ, ನಿಜ. ಆದರೂ ಈ ದೃಶ್ಯದಲ್ಲಿ ಯಾವುದು ಮುಂದಿದೆ ಅಂತ ನಿಮಗಾದರೂ ಗೊತ್ತಿರಬೇಕು.

ನನ್ನ ಪಾತ್ರ ತಪ್ಪೇ ಮಾಡಿಲ್ಲ, ತೊಂದರೆ ಅನುಭವಿಸಿದ್ದೇ ಅವಳು. ಆದರೂ ತಪ್ಪು ತನ್ನದೇ ಅಂದುಕೊಳ್ಳುತ್ತಾಳೆ. ಓದುಗರು ನಂಬುತ್ತಾರಾ?

ನಂಬುತ್ತಾರೆ. ತುಂಬಾ ಜನ ಅದನ್ನು ಸ್ವಂತಕ್ಕೇ ಬಲ್ಲರು. ನಾಜಿ ಶಿಬಿರಗಳಿಂದ ಬದುಕಿ ಬಂದವರಲ್ಲಿ, 'ಉಳಿದವರು ಸತ್ತರು, ನಾನು ಯಾಕೆ ಉಳಿದೆ' ಅನ್ನುವ ಕೊರಗನ್ನು ಮನೋವೈದ್ಯ ವಿಲಿಯಂ ನೀಡರ್‌ಲ್ಯಾಂಡ್ 1960ರ ದಶಕದಲ್ಲಿ ದಾಖಲಿಸಿದ. ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡ ಮಗುವಿಗೂ ಅದೇ ಕೊರಗು ಇರುತ್ತದೆ.

ದೊಡ್ಡವರಿಂದ ಹಿಂಸೆ ಅನುಭವಿಸಿದ ಮಕ್ಕಳ ಲೆಕ್ಕಾಚಾರ ಇನ್ನೂ ಬೇರೆ. ನೋಡಿಕೊಳ್ಳಬೇಕಾದವರೇ ಕೆಟ್ಟವರು ಅಂತ ಒಪ್ಪಿದರೆ ಮಗುವಿಗೆ ನಿಲ್ಲಲು ನೆಲವೇ ಇಲ್ಲ. ಕೆಟ್ಟವಳು ನಾನೇ ಅಂದುಕೊಂಡರೆ, ನಾಳೆ ಒಳ್ಳೆಯವಳಾದರೆ ಎಲ್ಲ ಸರಿಹೋಗಬಹುದು ಅನ್ನುವ ಆಸೆಯಾದರೂ ಉಳಿಯುತ್ತದೆ. ಹಾಗಾಗಿ 'ಇದು ನಿನ್ನ ತಪ್ಪಲ್ಲ' ಅಂತ ಒಳ್ಳೆಯ ಟೀಚರ್ ಒಬ್ಬರ ಬಾಯಲ್ಲಿ ಹೇಳಿಸಿ ಅಧ್ಯಾಯ ಮುಗಿಸಬೇಡಿ. ಆ ಮಾತು ಕೇಳಿದ ಹುಡುಗಿಗೆ ಕೆಲವು ಸಲ ಸಿಟ್ಟು ಬರುತ್ತದೆ. ಅವಳ ಹತ್ತಿರ ಇದ್ದ ಒಂದೇ ಆಸೆಯನ್ನು ಅವರು ಕಿತ್ತುಕೊಂಡ ಹಾಗೆ.

ಹದಿನಾಲ್ಕರ ಪಾತ್ರ ನಲವತ್ತರವರ ಹಾಗೆ ಮಾತಾಡುತ್ತದೆ. ಏನು ಮಾಡಲಿ?

ಅವರಿಗೆ ಗೊತ್ತಿಲ್ಲದ್ದನ್ನು ಕಿತ್ತು ಹಾಕಿ. 'ಅಪ್ಪ ತನ್ನ ಸೋಲನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದ' ಅನ್ನುವುದು ನಲವತ್ತರ ಸಾಲು. 'ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಇವತ್ತು ಟಿವಿ ಹಾಕಬಾರದು ಅಂತ' ಅನ್ನುವುದು ಹದಿನಾಲ್ಕರದ್ದು.

1967ರಲ್ಲಿ ಡೇವಿಡ್ ಎಲ್ಕೈಂಡ್ ಅನ್ನುವ ಮನಶ್ಶಾಸ್ತ್ರಜ್ಞ ಈ ವಯಸ್ಸಿನ ಎರಡು ಭ್ರಮೆಗಳ ಬಗ್ಗೆ ಬರೆದ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಒಂದು. ನನಗೆ ಆಗುತ್ತಿರುವುದು ಬೇರೆ ಯಾರಿಗೂ ಆಗಿರಲು ಸಾಧ್ಯವಿಲ್ಲ ಅನ್ನುವುದು ಇನ್ನೊಂದು. ಇಡೀ ಲೋಕ ತನ್ನ ಸುತ್ತ ತಿರುಗುತ್ತಿದ್ದರೆ, ಲೋಕದಲ್ಲಿ ನಡೆಯುವ ಅನಾಹುತಕ್ಕೂ ತಾನೇ ಕಾರಣ ಆಗಬೇಕಲ್ವಾ?

ನನ್ನ ವಿಷಯದಲ್ಲಿ ಆದದ್ದೂ ಅದೇ. ನನ್ನಿಂದಾಗಿ ಆ ಹುಡುಗ ಶಾಲೆ ಬಿಟ್ಟ ಅಂತ ಸುಮಾರು 20 ವರ್ಷ ನಂಬಿಕೊಂಡಿದ್ದೆ. ಆಮೇಲೆ ಒಬ್ಬ ಹಳೆಯ ಗೆಳೆಯ ಮಾತಿಗೆ ಮಾತು ಬಂದು ಹೇಳಿದ: ಅವರಪ್ಪನಿಗೆ ಎರಡು ತಿಂಗಳ ಮುಂಚೆಯೇ ವರ್ಗವಾಗಿತ್ತು, ಅವನು ಹೋಗುವುದು ಕ್ಲಾಸಿನ ಅರ್ಧ ಜನಕ್ಕೆ ಗೊತ್ತಿತ್ತು. ಮೊದಲು ಎದೆ ಹಗುರಾಯಿತು. ಎರಡು ದಿನ ಬಿಟ್ಟು ಯಾಕೋ ಹೊಟ್ಟೆ ತೊಳಸಿತು. ಅವನು ಹೋದದ್ದಕ್ಕೆ ಅಷ್ಟು ವರ್ಷ ಅತ್ತಿದ್ದೆ. ಓದಿದ್ದಕ್ಕೆ ಒಂದು ದಿನವೂ ಅತ್ತಿರಲಿಲ್ಲ. ದೊಡ್ಡ ತಪ್ಪೊಂದನ್ನು ಹೊತ್ತುಕೊಂಡು ಅದರ ಮರೆಯಲ್ಲಿ ಸಣ್ಣ ತಪ್ಪನ್ನು ಬಚ್ಚಿಟ್ಟಿದ್ದೆ. ಸಣ್ಣದು ನಿಜವಾದದ್ದು.

ಈಗ ಯಾರು ಕರಡು ತಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದು: ನಿಮ್ಮ ಪಾತ್ರ ಯಾವುದಕ್ಕೆ ಕೊರಗುತ್ತಿದೆ, ನಿಜವಾಗಿ ಮಾಡಿದ್ದೇನು? ಎರಡೂ ಒಂದೇ ಆಗಿದ್ದರೆ ಇನ್ನೊಂದು ಸಲ ಹುಡುಕಿ.

ಒಂಟಿತನದಲ್ಲಿ ಏನೂ ನಡೆಯುವುದೇ ಇಲ್ಲ. ಅದನ್ನು ಬರೆಯುವುದು ಹೇಗೆ?

ಏನೂ ನಡೆಯುವುದಿಲ್ಲ ಅನ್ನುವುದು ತಪ್ಪು. ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಒಮ್ಮೆ ಪಾರ್ಕಿನಲ್ಲಿ ನಾಯಿ ಜೊತೆ ಕೂತಿದ್ದ. ಇಬ್ಬರು ಅಪರಿಚಿತರ ಫ್ರಿಸ್ಬಿ ತಟ್ಟೆ ಬಂದು ಅವನ ಹತ್ತಿರ ಬಿತ್ತು. ಎದ್ದು ವಾಪಸ್ ಎಸೆದ. ಅವರು ಮತ್ತೆ ಅವನಿಗೇ ಎಸೆದರು. ಹಾಗೇ ಸ್ವಲ್ಪ ಹೊತ್ತು ಮೂವರ ಆಟ ನಡೆಯಿತು. ಆಮೇಲೆ ಏನೂ ಹೇಳದೆ ಅವರಿಬ್ಬರೇ ಆಡತೊಡಗಿದರು. ಅಷ್ಟೇ. ಎರಡು ನಿಮಿಷದ ಹಿಂದೆ ಪರಿಚಯವೇ ಇಲ್ಲದವರು ಬಿಟ್ಟುಬಿಟ್ಟರೆ ಇಷ್ಟು ನೋವಾಗುತ್ತದಾ ಅಂತ ಅವನಿಗೇ ಆಶ್ಚರ್ಯ. ಅದರಿಂದ ಹುಟ್ಟಿದ್ದು ಸೈಬರ್‌ಬಾಲ್ ಅನ್ನುವ ಕಂಪ್ಯೂಟರ್ ಪ್ರಯೋಗ. ಪರದೆಯ ಮೇಲೆ ಮೂವರು ಚೆಂಡು ಎಸೆದುಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ನಿಮ್ಮ ಕಡೆ ಚೆಂಡು ಬರುವುದು ನಿಲ್ಲುತ್ತದೆ. ಎದುರಿಗೆ ಆಡುತ್ತಿರುವುದು ಬರೀ ಕಂಪ್ಯೂಟರ್ ಅಂತ ಮೊದಲೇ ಹೇಳಿದರೂ ಜನರಿಗೆ ನೋವಾಯಿತು.

ಪಾರ್ಕಿನ ಆ ಘಟನೆಯಲ್ಲಿ ಯಾರೂ ಬೈದಿಲ್ಲ. ಯಾರೂ ತಳ್ಳಿಲ್ಲ. ಒಂದು ವಸ್ತು ಅತ್ತ ಇತ್ತ ಹೋಗುತ್ತಿದೆ, ಇಲ್ಲಿಗೆ ಮಾತ್ರ ಬರುತ್ತಿಲ್ಲ. ನಿಮ್ಮ ಕಥೆಯಲ್ಲಿ ಆ ವಸ್ತು ಯಾವುದು? ಗ್ರೂಪಿನಲ್ಲಿ ನೀವು ಹಾಕಿದ ಮೆಸೇಜಿನ ಕೆಳಗೆ ಎಲ್ಲರೂ ನೋಡಿದ ಗುರುತು ಬಂದು ಯಾರೂ ಉತ್ತರಿಸದಿರುವುದು. ಐದು ನಿಮಿಷ ಬಿಟ್ಟು ಬೇರೆ ಯಾರೋ ಬೇರೆ ಮಾತು ಶುರು ಮಾಡಿ, ಅದಕ್ಕೆ ನಗುವಿನ ಸುರಿಮಳೆ. ಆ ಐದು ನಿಮಿಷವನ್ನು ಒಂದು ಪುಟ ಬರೆಯಿರಿ. ಫೋನ್ ತಿರುವಿ ಇಡುವುದು, ಮತ್ತೆ ಎತ್ತುವುದು, ನೆಟ್‌ವರ್ಕ್ ಇದೆಯಾ ನೋಡುವುದು, ಮೆಸೇಜನ್ನೇ ಅಳಿಸೋಣ ಅಂದರೆ 'ಅಳಿಸಲಾಗಿದೆ' ಅಂತ ಎಲ್ಲರಿಗೂ ಕಾಣುತ್ತದೆ ಅನ್ನುವ ಹೆದರಿಕೆ.

'ಅವಳು ಒಂಟಿಯಾಗಿದ್ದಳು' ಅಂತ ಎಲ್ಲೂ ಬರೆಯದೆ ಒಂದು ಅಧ್ಯಾಯ ಮುಗಿಸಲು ನೋಡಿ. ನಾನು ಎರಡು ಸಲ ಸೋತೆ.

ಆಘಾತದ ದೃಶ್ಯವನ್ನು ಎಷ್ಟು ವಿವರವಾಗಿ ಬರೆಯಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಆಘಾತದ ನೆನಪು ಮೊದಲು, ನಡು, ಕೊನೆ ಅಂತ ಸಾಲಾಗಿ ಬರುವುದು ಕಡಿಮೆ. ಒಂದು ವಾಸನೆ, ಗೋಡೆಯ ಬಣ್ಣ, ಫ್ಯಾನಿನ ಕಿರಗುಟ್ಟುವಿಕೆ, ಹೀಗೆ ಚೂರು ಚೂರಾಗಿ, ಕರೆಯದೇ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ದೃಶ್ಯದಲ್ಲಿ ಸುರಿಯುವ ಬದಲು, ಹತ್ತು ಪುಟ ಆದ ಮೇಲೆ ಯಾವುದೋ ಹೋಟೆಲ್ ರೂಮಿನಲ್ಲಿ ಫ್ಯಾನ್ ಕಿರಗುಟ್ಟಿದಾಗ ಪಾತ್ರ ಎದ್ದು ಅದನ್ನು ಆರಿಸಿ ಸೆಖೆಯಲ್ಲೇ ಮಲಗಿದರೆ ಸಾಕು. ಓದುಗರು ಜಾಣರು.

ಒಂದು ಕಡೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಆತ್ಮಹತ್ಯೆ, ತನ್ನನ್ನು ತಾನೇ ಗಾಯ ಮಾಡಿಕೊಳ್ಳುವುದು ಕಥೆಯಲ್ಲಿ ಬಂದರೆ ಹೇಗೆ, ಯಾವುದರಿಂದ ಅನ್ನುವ ವಿವರ ಬೇಡವೇ ಬೇಡ. ಆತ್ಮಹತ್ಯೆಯ ದೊಡ್ಡ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂದ ಮೇಲೆ ಆತ್ಮಹತ್ಯೆಗಳು ಹೆಚ್ಚುವುದನ್ನು ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ ತೋರಿಸಿದ್ದ. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಕೊಟ್ಟಿರುವ ಸಲಹೆಯಲ್ಲೂ ವಿಧಾನವನ್ನು ವಿವರಿಸಬೇಡಿ ಅಂತಲೇ ಇದೆ. ಬಿಕ್ಕಟ್ಟಿನಿಂದ ಪಾರಾಗಿ ಬಂದವರ ಕಥೆಗಳಿಂದ ಒಳ್ಳೆಯದಾಗುತ್ತದೆ ಅನ್ನುವ ಅಧ್ಯಯನ 2010ರಲ್ಲಿ ಬಂತು. ನಿಮ್ಮ ಓದುಗರಲ್ಲಿ ಹದಿನಾಲ್ಕರ ಒಬ್ಬರು ಇದ್ದೇ ಇರುತ್ತಾರೆ.

ಒಪ್ಪಿಕೊಳ್ಳಬೇಕು, ನನ್ನ ಮೊದಲ ಕರಡಿನಲ್ಲಿ ನೋಟ್‌ಬುಕ್ಕಿನ ಹುಡುಗ ಸಾಯುತ್ತಿದ್ದ. ನನ್ನ ಕೊರಗಿಗೆ ತಕ್ಕಷ್ಟು ದೊಡ್ಡ ಘಟನೆ ಬೇಕು ಅನ್ನಿಸಿತ್ತು. ನನ್ನ ತೂಕ ಹೆಚ್ಚಿಸಿಕೊಳ್ಳಲು ಅವನನ್ನು ಕೊಂದಿದ್ದೆ. ಗೆಳತಿಯೊಬ್ಬಳು ಓದಿ, 'ಪಾಪ, ಮತ್ತೆ ಇಲ್ಲೂ ಅವನ ನೋಟ್‌ಬುಕ್ ಕಿತ್ತುಕೊಂಡೆಯಲ್ಲ' ಅಂದಳು.

'ನಾನು' ಅಂತ ಬರೆಯಲಾ, 'ಅವಳು' ಅಂತಲಾ?

ಎರಡರಲ್ಲೂ ಒಂದೊಂದು ಪುಟ ಬರೆದು ನೋಡಿ. 'ನಾನು' ಬಂದಾಗ ಸಮರ್ಥನೆ ಶುರುವಾದರೆ 'ಅವಳು' ಹಿಡಿಯಿರಿ. 'ಅವಳು' ಬಂದಾಗ ಮರುಕ ಶುರುವಾದರೆ 'ನಾನು'ಗೆ ವಾಪಸ್ ಬನ್ನಿ. ಇದಕ್ಕಿಂತ ದೊಡ್ಡ ಸಿದ್ಧಾಂತ ನನ್ನ ಹತ್ತಿರ ಇಲ್ಲ.

ಕೊನೆಯಲ್ಲಿ ಕ್ಷಮೆ ಸಿಗಬೇಕಾ?

ಸಿಗಲೇಬೇಕು ಅಂತಿಲ್ಲ. ಸಿಕ್ಕರೆ ಯಾರು ಕೊಟ್ಟರು ನೋಡಿ. ದೊಡ್ಡವರಾದ ನೀವು ಹಿಂದಕ್ಕೆ ಹೋಗಿ ಆ ಮಗುವಿನ ತಲೆ ಸವರಿ ಬಂದರೆ ಅದು ಕಥೆಯೊಳಗಿನ ಕ್ಷಮೆ ಅಲ್ಲ, ಲೇಖಕರ ಕೈವಾಡ. ಕ್ಷಮೆ ಕೇಳಲು ಹೋದ ಪಾತ್ರಕ್ಕೆ ಎದುರಿನವರು 'ಯಾವುದರ ಬಗ್ಗೆ ಹೇಳ್ತಿದ್ದೀಯ?' ಅಂದುಬಿಟ್ಟರೆ? ಹಾಗೂ ಆಗುತ್ತದೆ. ನನ್ನ ಕಥೆ ಮುಗಿಯುವುದು ಕ್ಲಾಸಿನಲ್ಲೇ, ನಗು ನಿಂತ ಮೇಲೆ ಮತ್ತು ಅವನು ಬೆಂಚಿಗೆ ಬಂದು ಕೂರುವುದರ ನಡುವೆ. ಸುಮಾರು ಹತ್ತು ಹೆಜ್ಜೆ.

ಕಥೆಯಲ್ಲಿ ಬರುವ ನಿಜವಾದ ಜನ ಗುರುತು ಹಿಡಿದರೆ? 'ಪಾತ್ರಗಳೆಲ್ಲ ಕಾಲ್ಪನಿಕ' ಅಂತ ಹಾಕಿದರೆ ಸಾಕಲ್ವಾ?

ಆ ಸಾಲಿಗೇ ಒಂದು ಕಥೆ ಇದೆ. 1932ರಲ್ಲಿ, ರಷ್ಯಾದ ರಾಜಮನೆತನಕ್ಕೆ ಹತ್ತಿರವಾಗಿದ್ದ ಸಾಧು ರಾಸ್ಪುಟಿನ್ ಬಗ್ಗೆ ಒಂದು ಹಾಲಿವುಡ್ ಸಿನಿಮಾ ಬಂತು. ಅದರಲ್ಲಿನ ಒಬ್ಬ ರಾಜಕುಮಾರಿಯ ಪಾತ್ರ ತನ್ನದೇ, ತನ್ನ ಮಾನ ಕಳೆದಿದ್ದಾರೆ ಅಂತ ರಷ್ಯಾದ ರಾಜಕುಮಾರಿ ಐರಿನಾ ಯುಸುಪೋವ್ ಲಂಡನ್ನಿನಲ್ಲಿ ಕೇಸು ಹಾಕಿದಳು. ಪಾತ್ರದ ಹೆಸರು ಬೇರೆ ಇತ್ತು. ಆದರೂ 1934ರಲ್ಲಿ ಗೆದ್ದಳು, 25,000 ಪೌಂಡ್ ಪರಿಹಾರ ಸಿಕ್ಕಿತು. ಸಿನಿಮಾಗಳಲ್ಲಿ 'ಯಾರನ್ನೂ ಹೋಲುವುದಿಲ್ಲ' ಅನ್ನುವ ಸಾಲು ರೂಢಿಗೆ ಬಂದದ್ದು ಈ ಕೇಸಿನ ನಂತರ. ಅಂದರೆ ಹೆಸರು ಬದಲಾಯಿಸಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಗೊತ್ತಿರುವವರಿಗೆ ಗುರುತು ಸಿಗಬಾರದು. ವಯಸ್ಸು, ಮನೆಯಲ್ಲಿ ಎಷ್ಟು ಜನ, ಉದ್ಯೋಗ, ಮಾತಿನ ಚಾಳಿ, ಇವನ್ನೆಲ್ಲ ಕಲಸಿ. ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿ. ಗಂಭೀರ ಆರೋಪ ಇರುವ ಕಥೆಯಾದರೆ ಪ್ರಕಟಿಸುವ ಮುಂಚೆ ವಕೀಲರಿಗೆ ತೋರಿಸಿ.

ಕಾನೂನು ಮುಗಿದ ಮೇಲೂ ಒಂದು ಉಳಿಯುತ್ತದೆ. ನಿಮಗೆ ನೋವು ಮಾಡಿದವರ ಬಗ್ಗೆ ಬರೆಯುವ ಹಕ್ಕು ನಿಮಗಿದೆ, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ನೀವು ನೋವು ಮಾಡಿದವರ ಬಗ್ಗೆ ಬರೆಯುವಾಗ ಮಾತ್ರ ಕೈ ಸ್ವಲ್ಪ ಹಿಡಿತದಲ್ಲಿರಲಿ. ಆ ಹುಡುಗನ ಪತ್ರದ ಎರಡು ಸಾಲು ನನಗೆ ಇನ್ನೂ ಬಾಯಿಪಾಠ ಇವೆ. ಕಥೆಯಲ್ಲಿ ಅವು ಇದ್ದವು. ಓದಿದವರೆಲ್ಲ ಅತ್ಯುತ್ತಮ ಸಾಲು ಅಂದದ್ದೂ ಅವನ್ನೇ. ಕೊನೆಯ ಕರಡಿನಲ್ಲಿ ತೆಗೆದುಹಾಕಿ, ನನ್ನ ಕೈಯಲ್ಲಾದಷ್ಟು ಸಾಧಾರಣವಾದ ಎರಡು ಸಾಲನ್ನು ಆ ಜಾಗದಲ್ಲಿ ಬರೆದೆ.